ಅತ್ತೆಯ ಮೊಣಕಾಲೂ ವಜ್ರೇಶ್ವರಿಯ ಕುಂಡವೂ

ಮುಂಬೈಯವರು ದಿನಾ ಕುಡಿಯುವ ನೀರಿನಲ್ಲಿ ಒಂದು ಪಾಲು ತಾನ್ಸಾ ನದಿಯದು. 1892ರಲ್ಲಿ ಈ ನದಿಗೆ ಅಣೆಕಟ್ಟು ಕಟ್ಟಿ ಮುಗಿಸಿದರು. ಅಲ್ಲಿಂದ ಹೊರಟ ದಪ್ಪ ದಪ್ಪ ಕೊಳವೆಗಳು ಇವತ್ತಿಗೂ ಮುಲುಂಡ್ ಬದಿಯಲ್ಲಿ ಹಾದು ನಗರಕ್ಕೆ ಬರುತ್ತವೆ. ಮುಂಬೈ ಮಂದಿಗೆ ತಾನ್ಸಾ ಅಂದರೆ ಅಷ್ಟೇ, ಕೊಳವೆ. ಅಣೆಕಟ್ಟಿನ ಕೆಳಗೆ, ಭಿವಂಡಿ ತಾಲೂಕಿನಲ್ಲಿ, ಅದೇ ನದಿಯ ಪಾತ್ರದಲ್ಲೂ ದಂಡೆಯಲ್ಲೂ ನೆಲದೊಳಗಿಂದ ಬಿಸಿನೀರು ಉಕ್ಕುತ್ತದೆಂದು ಗೊತ್ತಿರುವುದು ಕೆಲವರಿಗೆ ಮಾತ್ರ: ಮೊಣಕಾಲು ನೋವಿನವರಿಗೆ, ತುರಿಕೆ ಕಜ್ಜಿಯವರಿಗೆ, ದೇವಿಯ ಭಕ್ತರಿಗೆ, ಮತ್ತೆ ನಮ್ಮೂರ ಹೋಟೆಲಿನವರಿಗೆ.

ನನಗೆ ಆ ನೀರಿನ ದಾರಿ ತೋರಿಸಿದ್ದು ಅತ್ತೆ. ದಕ್ಷಿಣ ಕನ್ನಡದಿಂದ ಮದುವೆಯಾಗಿ ಮುಂಬೈಗೆ ಬಂದವಳು ನಾನು. ಆಮೇಲೆ ಅಲ್ಲೇ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಟೀಚರಾಗಿ ಕೆಲಸ ಮುಗಿಸಿದೆ. ಅತ್ತೆ ನನಗಿಂತ ಎಷ್ಟೋ ಮೊದಲು ಬಂದವರು. ಚಾಳಿನ ಒಂದೇ ಕೋಣೆಯಲ್ಲಿ ಐದು ಜನರಿಗೆ ಅಡುಗೆ ಮಾಡಿ, ಮೂರು ಮಹಡಿ ಮೆಟ್ಟಿಲು ಹತ್ತಿಳಿದು ನೀರು ಹೊತ್ತು, ಐವತ್ತಕ್ಕೆಲ್ಲ ಮೊಣಕಾಲು ಸವೆಸಿಕೊಂಡಿದ್ದರು. ಡಾಕ್ಟರು ಕೊಟ್ಟ ಗುಳಿಗೆಯನ್ನು ತಪ್ಪದೆ ನುಂಗುತ್ತಿದ್ದರು, ಅದರ ಮೇಲೆ ನಂಬಿಕೆ ಮಾತ್ರ ಇಡುತ್ತಿರಲಿಲ್ಲ. "ಗುಳಿಗೆ ನೋವನ್ನು ಮಲಗಿಸ್ತದೆ ಮಾರಾಯ್ತಿ, ಕುಂಡದ ನೀರು ಅದನ್ನು ಎಬ್ಬಿಸಿ ಹೊರಗೆ ಕಳಿಸ್ತದೆ" ಎನ್ನುತ್ತಿದ್ದರು.

ವಿರಾರ್ ಸ್ಟೇಷನ್ನಿನಲ್ಲಿ ಇಳಿದು ಎಸ್.ಟಿ. ಬಸ್ಸು ಹಿಡಿದರೆ ವಜ್ರೇಶ್ವರಿ ಸುಮಾರು 30 ಕಿಲೋಮೀಟರ್. ಮುಂಬೈಯಿಂದ ರಸ್ತೆಯಲ್ಲೇ ಹೋದರೆ 75ರಷ್ಟು. ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿ ಒಂದಕ್ಕೊಂದು ಅಂಟಿಕೊಂಡ ಊರುಗಳು. ಐದು ಕಿಲೋಮೀಟರಿನ ಆಸುಪಾಸಿನಲ್ಲಿ ಇಪ್ಪತ್ತೊಂದು ಬಿಸಿನೀರಿನ ಬುಗ್ಗೆಗಳಿವೆ ಅನ್ನುತ್ತಾರೆ. ಕೆಲವಕ್ಕೆ ಕಲ್ಲು ಕಟ್ಟಿ ಕುಂಡ ಮಾಡಿದ್ದಾರೆ, ಕೆಲವು ಹೊಳೆಯಲ್ಲೇ ಗುಳುಗುಳು ಅನ್ನುತ್ತಿರುತ್ತವೆ. ಮಳೆಗಾಲದಲ್ಲಿ ತಾನ್ಸಾ ತುಂಬಿದರೆ ಅವು ಮುಳುಗಿಹೋಗುತ್ತವೆ. ಕುಂಡಗಳಿಗೆ ಸೂರ್ಯ, ಚಂದ್ರ, ಅಗ್ನಿ, ವಾಯು, ರಾಮ ಎಂದೆಲ್ಲ ಹೆಸರು. ಅಕ್ಲೋಲಿಯವು ರಾಮೇಶ್ವರನ ಗುಡಿಗೆ ಹತ್ತಿರ, ಗಣೇಶಪುರಿಯವು ಭೀಮೇಶ್ವರನ ಗುಡಿಯ ಎದುರಿಗೆ.

ಕುಂಡ ಅಂದಾಗ ದೊಡ್ಡ ಕೆರೆ ಕಲ್ಪಿಸಿಕೊಳ್ಳಬೇಡಿ. ಹತ್ತು ಹನ್ನೆರಡು ಮಂದಿ ಮೈಗೆ ಮೈ ತಾಗಿಸಿ ಕೂತರೆ ತುಂಬಿಹೋಗುವ ಚೌಕದ ತೊಟ್ಟಿ, ಸುತ್ತ ಮೆಟ್ಟಿಲು, ಕೊನೆಯ ಮೆಟ್ಟಿಲಿಗೆ ಹಸಿರು ಪಾಚಿ. ನೀರಿಗೆ ಸ್ವಲ್ಪ ಗಂಧಕದ ವಾಸನೆ, ತುಟಿಗೆ ತಾಗಿದರೆ ತುಸು ಉಪ್ಪು. ತಳದಿಂದ ಆಗಾಗ ಗುಳ್ಳೆಗಳ ಸರ ಏಳುತ್ತದೆ. ಗುಳ್ಳೆ ಏಳುವ ಕಡೆ ಕಾಲಿಟ್ಟರೆ ಚುರ್ ಅನ್ನುತ್ತದೆ, ಒಂದು ಮೊಳ ಆಚೆಗೆ ಹದವಾಗಿರುತ್ತದೆ. ಬುಗ್ಗೆಯ ಬಾಯಲ್ಲಿ ಸುಮಾರು 50 ಡಿಗ್ರಿ ಸೆಲ್ಸಿಯಸ್ ಇರುವ ನೀರು ತೊಟ್ಟಿಯಲ್ಲಿ ನಿಂತಾಗ ಇಳಿದಿರುತ್ತದೆ. ಹೊಸಬರು ಕಾಲಿಟ್ಟು ಹಾ ಎಂದು ಹಿಂದೆಗೆಯುತ್ತಾರೆ, ಹಳಬರು ನಗುತ್ತಾರೆ.

ಅತ್ತೆಗೆ ಒಂದು ಕ್ರಮವಿತ್ತು. ಮೊದಲು ಮೆಟ್ಟಿಲಲ್ಲಿ ಕೂತು ಚೊಂಬಿನಲ್ಲಿ ನೀರೆತ್ತಿ ಪಾದಕ್ಕೆ ಹೊಯ್ದುಕೊಳ್ಳುವುದು, ಆಮೇಲೆ ಮೊಣಕಾಲಿಗೆ, ಆಮೇಲೆ ಸೊಂಟಕ್ಕೆ. ಮೈ ಒಗ್ಗಿದ ಮೇಲೆ ಇಳಿದು ಎದೆಮಟ್ಟಕ್ಕೆ ಕೂರುವುದು. ಹನುಮಾನ್ ಚಾಲೀಸಾ ಒಂದು ಸಲ ಹೇಳಿ ಮುಗಿಯುವಷ್ಟು ಹೊತ್ತು, ಹೆಚ್ಚಿಲ್ಲ. ಎದ್ದು ಕೂತು, ಒದ್ದೆ ಸೀರೆಯಲ್ಲೇ ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಇಳಿಯುವುದು. ಕೊನೆಗೆ ಒಣಗಿದ ಸೀರೆ ಉಟ್ಟು ಗುಡಿಗೆ. ಸ್ನಾನವಾದ ಕೂಡಲೇ ತಣ್ಣೀರು ಕುಡಿಯಕೂಡದು, ಗಾಳಿಗೆ ಮೈ ಒಡ್ಡಕೂಡದು. ಇದೆಲ್ಲ ಯಾರು ಕಲಿಸಿದರು ಅಂದರೆ, "ಮೊದಲ ಸಲ ಬಂದಾಗ ಇಲ್ಲೇ ಕೂತಿದ್ದ ಒಬ್ಬಳು ಮರಾಠಿ ಅಜ್ಜಿ" ಎಂದರು. ಆ ಅಜ್ಜಿಗೆ ಇನ್ನೊಬ್ಬಳು ಅಜ್ಜಿ ಕಲಿಸಿರಬೇಕು. ಮುಂದೆ ನಾನು ಒಬ್ಬ ಫಿಸಿಯೋಥೆರಪಿಸ್ಟರ ಹತ್ತಿರ ಹೋದಾಗ ಬಿಸಿನೀರಿನ ಶಾಖದ ಬಗ್ಗೆ ಅವರು ಹೇಳಿದ ಎಚ್ಚರಿಕೆಯೂ ಹೆಚ್ಚುಕಡಿಮೆ ಇದೇ: ನಿಧಾನ ಇಳಿಯಿರಿ, ಹೆಚ್ಚು ಹೊತ್ತು ಕೂರಬೇಡಿ, ಎದ್ದ ಕೂಡಲೇ ಓಡಾಡಬೇಡಿ.

ಇನ್ನು ಆ ನೀರಿನ ಕಥೆ. ವಡವಲಿ ಎಂಬುದು ವಜ್ರೇಶ್ವರಿಯ ಹಳೆಯ ಹೆಸರು. ಅಲ್ಲಿ ಕಾಲಿಕಾಲನೆಂಬ ರಾಕ್ಷಸ ಋಷಿಗಳಿಗೆ ಕಾಟ ಕೊಡುತ್ತಿದ್ದ. ವಸಿಷ್ಠರ ಮುಂದಾಳ್ತನದಲ್ಲಿ ಎಲ್ಲರೂ ದೇವಿಯನ್ನು ಒಲಿಸಲು ತ್ರಿಚಂಡಿ ಯಜ್ಞ ಮಾಡಿದರು. ಇಂದ್ರನಿಗೆ ಆಹುತಿ ಕೊಡುವುದು ಬಿಟ್ಟುಹೋಯಿತು. ಸಿಟ್ಟಿಗೆದ್ದ ಇಂದ್ರ ವಜ್ರಾಯುಧವನ್ನೇ ಯಜ್ಞದ ಮೇಲೆ ಬೀಸಿದ. ದೇವಿ ಪ್ರತ್ಯಕ್ಷಳಾಗಿ ವಜ್ರಾಯುಧವನ್ನು ನುಂಗಿಬಿಟ್ಟಳು, ರಾಕ್ಷಸರನ್ನೂ ಕೊಂದಳು. ರಾಮ ಬೇಡಿಕೊಂಡದ್ದಕ್ಕೆ ಅಲ್ಲೇ ನೆಲೆ ನಿಂತು ವಜ್ರೇಶ್ವರಿಯಾದಳು. ಇದು ಗುಡಿಯ ಕಥೆ. ಕುಂಡದಲ್ಲಿ ಕೂತವರು ಅದಕ್ಕೆ ಬಾಲ ಜೋಡಿಸುತ್ತಾರೆ: ಸತ್ತ ರಾಕ್ಷಸರ ರಕ್ತವೇ ಈ ಬಿಸಿನೀರು.

ನನಗೆ ಮೊದಲು ಇದು ವಿಚಿತ್ರ ಅನ್ನಿಸಿತು. ರಾಕ್ಷಸನ ರಕ್ತದಲ್ಲಿ ಮಿಂದರೆ ಕಾಯಿಲೆ ವಾಸಿಯಾಗುವುದು ಹೇಗೆ? ಆಮೇಲೆ ಬೇರೆ ಬಿಸಿನೀರಿನ ತೀರ್ಥಗಳ ಕಥೆಗಳನ್ನು ಕೇಳುತ್ತಾ ಹೋದ ಹಾಗೆ ಒಂದು ಜಾಡು ಕಂಡಿತು. ಹಿಮಾಚಲದ ಮಣಿಕರಣದಲ್ಲಿ ಪಾರ್ವತಿಯ ಕಿವಿಯ ಮಣಿ ನೀರಿಗೆ ಬಿತ್ತಂತೆ, ಸಿಗದೆ ಹೋದಾಗ ಶಿವನಿಗೆ ಕೋಪ ಬಂತಂತೆ, ಶೇಷನಾಗ ಬುಸುಗುಟ್ಟಿದ್ದಕ್ಕೆ ನೀರು ಕುದಿಯಿತಂತೆ. ಅಲ್ಲಿ ಇವತ್ತಿಗೂ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟು ಬೇಯಿಸುತ್ತಾರೆ. ಬಿಹಾರದ ಮುಂಗೇರಿನ ಸೀತಾಕುಂಡದಲ್ಲಿ ಅಗ್ನಿಪರೀಕ್ಷೆಯಿಂದ ಎದ್ದುಬಂದ ಸೀತೆ ಮಿಂದಳು, ಆಕೆಯ ಮೈಯ ಬೆಂಕಿ ನೀರಿಗೆ ಇಳಿಯಿತು ಅನ್ನುತ್ತಾರೆ. ತಣ್ಣೀರಿನ ತೀರ್ಥಕ್ಕೆ ಕರುಣೆಯ ಕಥೆ ಸಾಕು. ಬಿಸಿನೀರಿನದಕ್ಕೆ ಎಲ್ಲೆಲ್ಲೂ ಯಾರದೋ ಸಿಟ್ಟು, ಬೆಂಕಿ, ರಕ್ತ ಬೇಕು. ಒಲೆಯಿಲ್ಲದೆ ಕಾಯುವ ನೀರಿಗೆ ಕಾರಣ ಹೇಳಬೇಕಲ್ಲ. ವಜ್ರೇಶ್ವರಿಯವರು ಒಂದು ಹೆಜ್ಜೆ ಮುಂದೆ ಹೋಗಿ, ಸೋತ ರಾಕ್ಷಸನನ್ನು ಮನುಷ್ಯರ ಸೊಂಟನೋವಿನ ಚಾಕರಿಗೆ ಹಚ್ಚಿದ್ದಾರೆ. ಶಿಕ್ಷೆ ಅಂದರೆ ಇದು!

ಭೂವಿಜ್ಞಾನದವರು ಹೇಳುವ ಕಾರಣದಲ್ಲಿ ಯಾರಿಗೂ ಸಿಟ್ಟಿಲ್ಲ. ಸಹ್ಯಾದ್ರಿಗೂ ಸಮುದ್ರಕ್ಕೂ ನಡುವಿನ ಕೊಂಕಣದ ಪಟ್ಟಿಯಲ್ಲಿ, ಪಾಲ್ಘರ್ ಕಡೆಯಿಂದ ರತ್ನಾಗಿರಿಯ ರಾಜಾಪುರದವರೆಗೆ, ಇಂಥ ಬುಗ್ಗೆಗಳು ಸಾಲಾಗಿ ಇವೆ. ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು. ಈಗ ಅಲ್ಲಿ ಜ್ವಾಲಾಮುಖಿಯೇನೂ ಇಲ್ಲ. ಆ ಲಾವಾ ತಣಿದು ಯಾವ ಕಾಲವಾಯಿತೋ. ಆದರೆ ಕಲ್ಲಿನಲ್ಲಿ ಆಳವಾದ ಬಿರುಕುಗಳಿವೆ. ಬೆಟ್ಟದ ಮೇಲೆ ಬಿದ್ದ ಮಳೆನೀರು ಬಿರುಕಿನೊಳಗೆ ಇಂಗುತ್ತಾ ಕೆಳಕ್ಕಿಳಿಯುತ್ತದೆ. ಭೂಮಿಯೊಳಗೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಶಾಖ ಏರುತ್ತದೆ. ಕಾದ ನೀರು ಹಗುರಾಗಿ ಇನ್ನೊಂದು ಬಿರುಕು ಹಿಡಿದು ಮೇಲಕ್ಕೆ ಬರುತ್ತದೆ, ಬರುವಾಗ ದಾರಿಯ ಕಲ್ಲಿನ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನಮ್ಮ ಹಳ್ಳಿಯ ಬಚ್ಚಲುಮನೆಯಲ್ಲಿ ತೆಂಗಿನ ಸಿಪ್ಪೆ ಉರಿಸಿ ಹಂಡೆ ಕಾಯಿಸುತ್ತಿದ್ದೆವಲ್ಲ, ಹಾಗೆಯೇ; ಇಲ್ಲಿ ಹಂಡೆಯೂ ಒಲೆಯೂ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಗುಡಿಯ ಇತಿಹಾಸ ಇನ್ನೊಂದು ತರಹ. 1534ರಿಂದ ವಸಾಯಿ ಪೋರ್ಚುಗೀಸರ ಕೈಯಲ್ಲಿತ್ತು. ದೇವಿಯ ಹಳೆಯ ಗುಡಿ ಗುಂಜ್ ಎಂಬಲ್ಲಿತ್ತು, ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ವಡವಲಿಗೆ ಬಂತು ಎಂದು ಹೇಳುತ್ತಾರೆ. 1739ರಲ್ಲಿ ಮೊದಲನೇ ಬಾಜಿರಾವ್ ಪೇಶ್ವೆಯ ತಮ್ಮ ಚಿಮಾಜಿ ಅಪ್ಪಾ ವಸಾಯಿ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆ ಬಗ್ಗಲಿಲ್ಲ. ಗೆದ್ದರೆ ನಿನಗೆ ಗುಡಿ ಕಟ್ಟಿಸುತ್ತೇನೆಂದು ಆತ ಹರಕೆ ಹೊತ್ತನಂತೆ, ದೇವಿ ಕನಸಿನಲ್ಲಿ ಬಂದು ಕೋಟೆ ಒಡೆಯುವ ಉಪಾಯ ಹೇಳಿದಳಂತೆ. ಕನಸಿನ ಮಾತು ಹೇಗೇ ಇರಲಿ, ಆ ಮೇ ತಿಂಗಳಲ್ಲಿ ಕೋಟೆ ಬಿದ್ದದ್ದಂತೂ ನಿಜ. ಅಲ್ಲಿನ ಇಗರ್ಜಿಗಳ ಗಂಟೆಗಳನ್ನು ಮರಾಠರು ಗೆಲುವಿನ ಗುರುತಾಗಿ ಹೊತ್ತೊಯ್ದು ತಮ್ಮ ದೇವಸ್ಥಾನಗಳಿಗೆ ಕಟ್ಟಿದರು. ನಾಶಿಕದ ನಾರೋಶಂಕರ ದೇವಸ್ಥಾನದ ಗಂಟೆ ಅದರಲ್ಲೊಂದು. ಚಿಮಾಜಿ ಅಪ್ಪಾನ ಹರಕೆಯಂತೆ ವಜ್ರೇಶ್ವರಿಯ ಗುಡಿ ಎದ್ದಿತು. ಅದಕ್ಕೂ ಕೋಟೆಯ ಹಾಗೆ ಕಲ್ಲಿನ ಗೋಡೆಯಿದೆ, ಹತ್ತಲು ಐವತ್ತೆರಡು ಮೆಟ್ಟಿಲಿದೆ. ಬಾಗಿಲ ಮೇಲಿನ ನಗಾರಿಖಾನೆ ಬರೋಡದ ಗಾಯಕವಾಡರು ಕಟ್ಟಿಸಿದ್ದು. ಗರ್ಭಗುಡಿಯಲ್ಲಿ ವಜ್ರೇಶ್ವರಿಯ ಜೊತೆಗೆ ರೇಣುಕೆಯೂ ಕಾಳಿಯೂ ಇದ್ದಾರೆ. ಚೈತ್ರದ ಅಮಾವಾಸ್ಯೆಗೆ ಜಾತ್ರೆ, ಮರುದಿನ ದೇವಿಯ ಪಲ್ಲಕ್ಕಿ.

ಐವತ್ತೆರಡು ಮೆಟ್ಟಿಲು ಅಂದೆನಲ್ಲ, ಅತ್ತೆ ಅದನ್ನೇ ಪರೀಕ್ಷೆಯೆಂದು ಇಟ್ಟುಕೊಂಡಿದ್ದರು. ಕುಂಡದಲ್ಲಿ ಮಿಂದು ಬಂದು ಗೋಡೆ ಹಿಡಿಯದೆ ಎಷ್ಟು ಮೆಟ್ಟಿಲು ಹತ್ತಿದೆ ಎಂದು ಎಣಿಸುವುದು. ಜಾಸ್ತಿಯಾದರೆ ದೇವಿಯ ಕೃಪೆ, ಕಮ್ಮಿಯಾದರೆ ಹಿಂದಿನ ವಾರ ತಿಂದ ಬದನೆಕಾಯಿಯ ತಪ್ಪು.

ಇಷ್ಟಕ್ಕೇ ಆಗಿದ್ದರೆ ಇದು ಮರಾಠಿಗರ ತೀರ್ಥವಾಗಿ ಉಳಿಯುತ್ತಿತ್ತು. ತುಳು, ಕನ್ನಡ, ಕೊಂಕಣಿ ಮಾತಾಡುವವರು ಇಲ್ಲಿ ಈ ಪರಿ ತುಂಬಿಕೊಂಡದ್ದು ನಿತ್ಯಾನಂದ ಸ್ವಾಮಿಗಳಿಂದ. ಅವರು ಮಂಗಳೂರು, ಕಾಞಂಗಾಡು ಕಡೆ ಓಡಾಡಿಕೊಂಡಿದ್ದ ಅವಧೂತರು. ಕಾಞಂಗಾಡು ಆಗ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಕೇರಳಕ್ಕೆ ಹೋದದ್ದು 1956ರಲ್ಲಿ. ಒಂದು ಕೌಪೀನ, ಎರಡು ಮಾತು, ಅಷ್ಟೇ ಅವರ ಆಸ್ತಿ. ಕಾಞಂಗಾಡಿನಲ್ಲಿ ಕಲ್ಲು ಕೊರೆದು ಗುಹೆ ಮಾಡಿಸುವಾಗ ಸಂಜೆ ಆಳುಗಳಿಗೆ, ದಾರಿಯಲ್ಲಿ ಇಂಥ ಕಲ್ಲಿನ ಅಡಿ ನೋಡಿಕೊಂಡು ಹೋಗಿ ಅನ್ನುತ್ತಿದ್ದರಂತೆ, ಅಲ್ಲಿ ಅವರವರ ಕೂಲಿ ಸರಿಯಾಗಿ ಇರುತ್ತಿತ್ತಂತೆ. ಈ ಕಥೆ ನಮ್ಮ ಕಡೆಯ ಪ್ರತಿಯೊಬ್ಬ ಅಜ್ಜಿಗೂ ಗೊತ್ತು. ಮುಂದೆ ಅವರು ವಜ್ರೇಶ್ವರಿ, ಅಕ್ಲೋಲಿ ಕಡೆ ಬಂದು, 1936ರ ಸುಮಾರಿಗೆ ಗಣೇಶಪುರಿಯ ಭೀಮೇಶ್ವರನ ಗುಡಿಯ ಬದಿಯಲ್ಲಿ ನೆಲೆ ನಿಂತರು. ಆಗ ಅಲ್ಲಿ ಇದ್ದದ್ದು ಕಾಡು. ಕುಂಡಗಳನ್ನು ಹೂಳೆತ್ತಿಸಿ ಕಟ್ಟಿಸಿದರು, ಮಕ್ಕಳಿಗೆ ಊಟ ಹಾಕಿಸಿದರು. ದರ್ಶನಕ್ಕೆ ಬಂದವರನ್ನು ಮೊದಲು ಕುಂಡಕ್ಕೆ ಕಳಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಿದ್ದರು. 1961ರ ಆಗಸ್ಟ್ 8ರಂದು ಅವರು ಸಮಾಧಿಯಾದ ಕಟ್ಟಡಕ್ಕೆ ಬೆಂಗಳೂರುವಾಲಾ ಎಂದೇ ಹೆಸರು. ಅದೇ ಊರಿನಲ್ಲಿ ಗುರುದೇವ ಸಿದ್ಧಪೀಠ ಕಟ್ಟಿ ದೇಶವಿದೇಶಗಳಲ್ಲಿ ಹೆಸರಾದ ಮುಕ್ತಾನಂದರೂ ಮಂಗಳೂರು ಕಡೆಯವರೇ, ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಕಲಿತವರು.

ಹೀಗೆ ಮುಂಬೈಯ ಉಡುಪಿ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮೇಲೆಲ್ಲ ನಿತ್ಯಾನಂದರ ಪಟ ಬಂತು. ವಾರದ ರಜೆಗೆ ಮಾಣಿಗಳು ಗಣೇಶಪುರಿಗೆ ಹೊರಟರು. ನಮ್ಮವರ ಚಿಕ್ಕಪ್ಪ ಹದಿಮೂರರ ಹುಡುಗನಾಗಿ ಬಂದು ಪಾತ್ರೆ ತೊಳೆಯುವುದರಿಂದ ಶುರುಮಾಡಿದವರು. ದಿನವಿಡೀ ಒದ್ದೆ ನೆಲದ ಮೇಲೆ ನಿಂತು ಅವರ ಕಾಲ್ಬೆರಳ ಸಂದಿಯೆಲ್ಲ ನೀರುಹುಣ್ಣು. ರಾತ್ರಿ ಟೇಬಲು ಜೋಡಿಸಿ ಅದರ ಮೇಲೇ ನಿದ್ದೆ. ಸ್ನಾನ ಅಂದರೆ ಬೆಳಿಗ್ಗೆ ನಾಲ್ಕಕ್ಕೆ ನಲ್ಲಿಯಡಿ ಎರಡು ತಂಬಿಗೆ. "ಕುಂಡದಲ್ಲಿ ಕೂತಾಗ ಹುಣ್ಣು ವಾಸಿಯಾಯ್ತೋ ಇಲ್ಲವೋ ನೆನಪಿಲ್ಲ ಮಗಾ" ಎಂದು ಅವರು ನನಗೆ ಹೇಳಿದ್ದರು. "ಊರು ಬಿಟ್ಟ ಮೇಲೆ ಕುತ್ತಿಗೆವರೆಗೆ ಬಿಸಿನೀರು ಕಂಡದ್ದು ಅಲ್ಲೇ. ಅಮ್ಮ ಹಂಡೆ ನೀರು ಹೊಯ್ದ ಹಾಗಾಯ್ತು. ಕೂತು ಅತ್ತುಬಿಟ್ಟೆ. ಬೆವರೋ ಕಣ್ಣೀರೋ, ಯಾರಿಗೆ ಗೊತ್ತಾಗ್ತದೆ ಅಲ್ಲಿ?"

ಈ ನೀರಿನ ಗುಣ ಏನೆಂದು ಕೇಳಿದವರಿಗೆ ನಾನು ಲವಣಗಳ ಪಟ್ಟಿ ಓದುವ ಮೊದಲು ಈ ಮಾತನ್ನೇ ಹೇಳುವುದು.

ನಮ್ಮವರು ಬರಿಗೈಯಲ್ಲಿ ಬಂದವರೂ ಅಲ್ಲ, ನೀರಿನ ನಂಬಿಕೆಯನ್ನು ಊರಿನಿಂದಲೇ ಕಟ್ಟಿಕೊಂಡು ಬಂದಿದ್ದರು. ತುಳುನಾಡಿನಲ್ಲಿ ಚರ್ಮದ ಕಾಯಿಲೆ ಅಂದರೆ ಮೊದಲು ನೆನಪಾಗುವುದು ನಾಗದೋಷ. ಕುಕ್ಕೆ ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ ಮುಳುಗು ಹಾಕಿ, ಹುತ್ತದ ಮಣ್ಣಿನ ಮೃತ್ತಿಕೆ ಪ್ರಸಾದವನ್ನು ಮೈಗೆ ಹಚ್ಚಿಕೊಳ್ಳುತ್ತಾರೆ. ಆಟಿ ಅಮಾವಾಸ್ಯೆಗೆ ಬೆಳ್ಳಂಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯ ಕುಡಿದು, ಕಾರಿಂಜದಂಥ ಕಡೆ ತೀರ್ಥಸ್ನಾನಕ್ಕೆ ಹೋಗುತ್ತಾರೆ. ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರ್ ತೀರ್ಥ ಎಂಬ ಬೆಚ್ಚಗಿನ ಬುಗ್ಗೆಯೂ ನಮಗುಂಟು. ಹಾಗಾಗಿ ಅತ್ತೆಗೆ ತಾನ್ಸಾ ದಂಡೆ ಪರವೂರು ಅನ್ನಿಸಲೇ ಇಲ್ಲ. ಮರಾಠಿಯ ದೇವಿ, ಮಲೆಯಾಳದ ಕಡೆಯಿಂದ ಬಂದ ಸ್ವಾಮಿ, ತುಳುವಿನ ಹರಕೆ. ಮೂರನ್ನೂ ಒಂದೇ ತೆಂಗಿನಕಾಯಿಯಲ್ಲಿ ಮುಗಿಸುತ್ತಿದ್ದರು. ಕುಂಡದಲ್ಲಿ ಯಾರ ಪಕ್ಕ ಕೂತಿದ್ದೇನೆಂದು ಕೇಳಿದವರೂ ಅಲ್ಲ. ಊರಿನ ಬಾವಿಕಟ್ಟೆಯಲ್ಲಿ ಅವರು ಹೀಗಿರಲಿಲ್ಲ ಎಂಬುದು ನನಗೆ ಗೊತ್ತು. ಬಿಸಿನೀರು ಅವರಲ್ಲಿ ಮೊಣಕಾಲಿಗಿಂತ ಜಾಸ್ತಿ ಸಡಿಲ ಮಾಡಿದ್ದು ಇದನ್ನೇ.

ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ಬಿಸಿನೀರಿನಲ್ಲಿ ಕೂತಾಗ ರಕ್ತನಾಳಗಳು ಹಿಗ್ಗುತ್ತವೆ, ಬಿಗಿದ ಸ್ನಾಯು ಸಡಿಲುತ್ತದೆ, ನೀರು ಮೈಯ ಭಾರ ಹೊರುವುದರಿಂದ ಸಂದಿಗಳಿಗೆ ಬಿಡುವು ಸಿಗುತ್ತದೆ. ನೋವು ಕಮ್ಮಿಯಾಗುವುದು ಸುಳ್ಳಲ್ಲ. ಆದರೆ ಸವೆದ ಮೃದ್ವಸ್ಥಿ ಬೆಳೆಯುವುದಿಲ್ಲ. ಅತ್ತೆಯ ಮೊಣಕಾಲು ಎರಡು ದಿನ ಹಗುರಾಗಿರುತ್ತಿತ್ತು, ಮೂರನೇ ದಿನ ಮೆಟ್ಟಿಲು ಮತ್ತೆ ನೆನಪಿಸುತ್ತಿತ್ತು. ಅಂಟುವ ಚರ್ಮರೋಗವನ್ನು ನಾಲ್ಕು ಜನರ ನಡುವೆ ತೊಟ್ಟಿಯಲ್ಲಿ ಕೂತು ವಾಸಿ ಮಾಡಿಕೊಳ್ಳುತ್ತೇನೆಂಬುದು ನನಗಂತೂ ಒಪ್ಪಿಗೆಯಿಲ್ಲ. ವಾಸಿಯಾಗುವುದಕ್ಕಿಂತ ಹಂಚಿಹೋಗುವುದೇ ಹೆಚ್ಚು. ಕುಷ್ಠಕ್ಕೆ ಇವತ್ತು ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮದ್ದಿದೆ. ಅದಕ್ಕಾಗಿ ಯಾರೂ ಕುಂಡದಿಂದ ಕುಂಡಕ್ಕೆ ಅಲೆಯಬೇಕಾಗಿಲ್ಲ.

ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ಮಳೆಗಾಲ ಕಳೆದ ಮೇಲೆ, ರವಿವಾರ ಬಿಟ್ಟು. ಹೃದಯದ ತೊಂದರೆ, ರಕ್ತದೊತ್ತಡ ಇರುವವರೂ ಬಸುರಿಯರೂ ಡಾಕ್ಟರನ್ನು ಕೇಳದೆ ಇಳಿಯಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ, ಅವರು ಮೊದಲು ಕೈಯಿಂದ ನೀರು ಮುಟ್ಟಿ ನೋಡಲಿ. ಮೂರು ಮುಳುಗು ಹಾಕಲೇಬೇಕೆಂಬ ಹಟ ಬೇಡ: ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುವ ಒಂದು ಜಾತಿಯ ಅಮೀಬಾ ಮೂಗಿನಿಂದ ಮಿದುಳಿಗೆ ಹೋದರೆ ಪ್ರಾಣಕ್ಕೇ ಅಪಾಯ. ಅಪರೂಪವೇ, ಆದರೂ ತಲೆ ಮೇಲಿರಲಿ. ಒಂದು ಚೊಂಬು ನೀರನ್ನು ನೆತ್ತಿಗೆ ಹೊಯ್ದುಕೊಂಡರೂ ಪುಣ್ಯ ಕಮ್ಮಿಯಾಗುವುದಿಲ್ಲ. ತೀರ್ಥವೆಂದು ಆ ನೀರನ್ನು ಬಾಯಿಗೆ ಹಾಕಿಕೊಳ್ಳಬೇಡಿ. ಹಳೆಯ ಬಟ್ಟೆಯನ್ನು ನೀರಿಗೆ ಬಿಟ್ಟರೆ ರೋಗವೂ ಬಿಟ್ಟುಹೋಗುತ್ತದೆಂದು ಕೆಲವರು ಎಸೆಯುತ್ತಾರೆ. ಹೋಗುವುದೆಲ್ಲಿಗೆ, ಕಾಲುವೆಗೆ ಸಿಕ್ಕಿಕೊಂಡು ಕೂರುತ್ತದೆ, ಮರುದಿನ ಯಾರೋ ಕೋಲು ಹಾಕಿ ಎಳೆಯಬೇಕು. ಎಣ್ಣೆ, ಶಾಂಪೂ ಪುಡಿಕೆಗಳದ್ದೂ ಅದೇ ಪಾಡು. ನಿಮ್ಮ ಹರಕೆ ದೇವಿಗಿರಲಿ, ಕಾಯಿಲೆ ಡಾಕ್ಟರಿಗಿರಲಿ, ಸಾಬೂನು ದಯವಿಟ್ಟು ಮನೆಯಲ್ಲೇ ಇರಲಿ.